ಈಟಿಗೆ ಸಿಕ್ಕ ಇನಾಮು

ಬೈಬಲ್ಲಿನ ಅರಣ್ಯಕಾಂಡದ 25ನೆಯ ಅಧ್ಯಾಯದಲ್ಲಿ ಒಂದು ಜೋಡಿ ಕೊಲೆ ನಡೆಯುತ್ತದೆ. ಈಜಿಪ್ಟಿನಿಂದ ಹೊರಟ ಇಸ್ರಾಯೇಲರು ಶಿಟ್ಟೀಮಿನಲ್ಲಿ ಬೀಡುಬಿಟ್ಟಿದ್ದಾರೆ. ಗಂಡಸರು ಮೋವಾಬಿನ ಹೆಣ್ಣುಗಳ ಹಿಂದೆ ಬಿದ್ದು ಅವರ ದೇವತೆಗೆ ಅಡ್ಡಬಿದ್ದಿದ್ದಾರೆ; ಪಾಳೆಯದಲ್ಲಿ ವ್ಯಾಧಿ ಹಬ್ಬಿದೆ. ಜನ ದೇವದರ್ಶನದ ಗುಡಾರದ ಬಾಗಿಲಲ್ಲಿ ಅಳುತ್ತಿರುವಾಗಲೇ ಸಿಮೆಯೋನ ಕುಲದ ಮುಖಂಡ ಜಿಮ್ರಿ, ಮಿದ್ಯಾನಿನ ದೊಡ್ಡಮನೆಯ ಮಗಳು ಕೊಜ್ಬಿಯನ್ನು ಎಲ್ಲರ ಕಣ್ಣೆದುರು ಕರೆದುಕೊಂಡು ಒಳಗೆ ಹೋಗುತ್ತಾನೆ. ಆರೋನನ ಮೊಮ್ಮಗ ಫೀನೆಹಾಸ ಈಟಿ ಹಿಡಿದು ಹಿಂದೆಯೇ ನುಗ್ಗಿ ಇಬ್ಬರನ್ನೂ ತಿವಿದು ಕೊಲ್ಲುತ್ತಾನೆ. ವ್ಯಾಧಿ ನಿಲ್ಲುತ್ತದೆ, ಅಷ್ಟರಲ್ಲಿ ಸತ್ತವರು 24,000. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಜನನಾಯಕ ಮೋಶೆಯ ಅಪ್ಪಣೆಯನ್ನೂ ಅವನು ಕೇಳಿದಂತಿಲ್ಲ. ಆದರೂ ದೇವರು ಕೊಟ್ಟ ಇನಾಮು ದೊಡ್ಡದು: ಸಮಾಧಾನದ ಒಡಂಬಡಿಕೆ, ವಂಶಪಾರಂಪರ್ಯವಾಗಿ ಯಾಜಕತ್ವ.

ಯೆಹೂದಿ ಮತ್ತು ಕ್ರೈಸ್ತ ಧರ್ಮಗಳಲ್ಲಿ ಹಿಂಸೆಯ ಮಾತು ಬಂದರೆ ಚರ್ಚೆ ಸಾಮಾನ್ಯವಾಗಿ ಯೆರಿಕೋ ದಂಡಯಾತ್ರೆಗೋ ಕ್ರುಸೇಡಿಗೋ ಇನ್‌ಕ್ವಿಸಿಶನ್ನಿಗೋ ಹೋಗುತ್ತದೆ. ಅವೆಲ್ಲ ಸೈನ್ಯದ, ಪೋಪರ, ಅರಸರ ಹಿಂಸೆ. ಭಯೋತ್ಪಾದನೆಯ ಪ್ರಶ್ನೆ ಬೇರೆ: ಯಾರೂ ಹೇಳದೆ, ಯಾರನ್ನೂ ಕೇಳದೆ, ದೇವರ ಪರವಾಗಿ ಒಬ್ಬ ಆಯುಧ ಎತ್ತಿಕೊಂಡರೆ ಅವನನ್ನು ಏನೆನ್ನಬೇಕು? ಎರಡು ಪರಂಪರೆಗಳ ಉತ್ತರವನ್ನು ಉಜ್ಜಿ ನೋಡಲು ಫೀನೆಹಾಸನ ಕಥೆಯೇ ತಕ್ಕ ಒರೆಗಲ್ಲು. ಬೈಬಲ್ ವಿದ್ವಾಂಸ ಜಾನ್ ಕಾಲಿನ್ಸ್, ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮರುವರ್ಷ, ತಮ್ಮ ವಿದ್ವತ್ ಸಂಘದ ಅಧ್ಯಕ್ಷ ಭಾಷಣಕ್ಕೆ ಇದನ್ನೇ ಎತ್ತಿಕೊಂಡರು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡೂ ಪರಂಪರೆಗಳು ಅವನ ಕೈಯಿಂದ ಈಟಿಯನ್ನು ಕಿತ್ತುಕೊಂಡವು, ಇನಾಮನ್ನು ಮಾತ್ರ ವಾಪಸು ಪಡೆಯಲಿಲ್ಲ.

ಈ ಈಟಿ ರಾಜಕೀಯಕ್ಕೆ ಇಳಿದದ್ದು ಕ್ರಿ.ಪೂ. 2ನೆಯ ಶತಮಾನದಲ್ಲಿ. ಸಿರಿಯಾದಿಂದ ಆಳುತ್ತಿದ್ದ ಗ್ರೀಕ್ ಅರಸ ನಾಲ್ಕನೆಯ ಆಂಟಿಯೋಕಸ್ ಯೆಹೂದಿ ಆಚರಣೆಗಳನ್ನು ನಿಷೇಧಿಸಿದಾಗ, ಮೋದಿನ್ ಊರಿನ ಯಾಜಕ ಮತ್ತಾತಿಯ, ಅರಸನ ಬಲಿಪೀಠದ ಮುಂದೆ ಬಲಿ ಕೊಡಲು ಬಂದ ಸ್ವಂತ ಜನದವನೊಬ್ಬನನ್ನು ಕೊಂದ, ಅರಸನ ಅಧಿಕಾರಿಯನ್ನೂ ಕೊಂದ. ಮಕ್ಕಬಿಯರ ಮೊದಲ ಪುಸ್ತಕ ಅವನನ್ನು ನೇರವಾಗಿ ಫೀನೆಹಾಸನಿಗೆ ಹೋಲಿಸುತ್ತದೆ. ಆ ಬಂಡಾಯ ಗೆದ್ದಿತು, ಗೆದ್ದದ್ದೇ ಮುಂದೆ ಆಪತ್ತಾಯಿತು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಸಿಕಾರಿಗಳೆಂಬವರು ನಿಲುವಂಗಿಯೊಳಗೆ ಚೂರಿ ಅಡಗಿಸಿಕೊಂಡು ಹಬ್ಬದ ಜಂಗುಳಿಯಲ್ಲಿ ಇರಿದು, ಕೂಗೆದ್ದಾಗ ತಾವೂ ಜನರೊಡನೆ ಸೇರಿ ಕೂಗುತ್ತಿದ್ದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವರಿಗೆ ಮೊದಲು ಬಲಿಯಾದವನು ರೋಮನ್ನನಲ್ಲ, ಯೆಹೂದಿ ಮಹಾಯಾಜಕ ಯೋನಾಥಾನ. 66ರಲ್ಲಿ ರೋಮಿನ ವಿರುದ್ಧ ಯುದ್ಧ ಶುರುವಾಯಿತು, 70ರಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟುಹೋಯಿತು. 132ರಲ್ಲಿ ರಬ್ಬಿ (ಧರ್ಮಪಂಡಿತ) ಅಕೀವನ ಬೆಂಬಲದೊಡನೆ, ಬಾರ್ ಕೋಖ್ಬಾ ಎಂಬ ನಾಯಕನ ಕೆಳಗೆ ಯೆಹೂದಿಗಳು ಮತ್ತೊಮ್ಮೆ ದಂಗೆಯೆದ್ದರು. 135ರ ಹೊತ್ತಿಗೆ ಜುದೇಯ ಪ್ರಾಂತ್ಯ ಹಾಳಾಗಿತ್ತು.

ರಬ್ಬಿಗಳು ಧರ್ಮಶಾಸ್ತ್ರವನ್ನು ಕಟ್ಟಿದ್ದು ಈ ಬೂದಿಯ ಮೇಲೆ. ಅವರ ಕೆಲಸ ನೋಡಿದರೆ ಬೆರಗಾಗುತ್ತದೆ. ಮರಣದಂಡನೆ ವಿಧಿಸಲು ಇಬ್ಬರು ಸಾಕ್ಷಿ ಬೇಕು, ಅಪರಾಧಕ್ಕೆ ಮೊದಲೇ ಎಚ್ಚರಿಕೆ ಕೊಟ್ಟಿರಬೇಕು. ಏಳು ವರ್ಷಕ್ಕೊಮ್ಮೆ ಒಬ್ಬನನ್ನು ಕೊಲ್ಲಿಸಿದರೂ ಆ ನ್ಯಾಯಸಭೆ ಹಾಳುಗೆಡಹುವ ಸಭೆ ಎನ್ನುತ್ತದೆ ಅವರ ವಿಧಿಸಂಗ್ರಹ ಮಿಷ್ನಾ. ಇಷ್ಟು ಕಟ್ಟುನಿಟ್ಟಿನ ನಡುವೆ ಫೀನೆಹಾಸನನ್ನು ಎಲ್ಲಿಡುವುದು? ಮೂಲಪಾಠವನ್ನು ಅಳಿಸುವಂತಿಲ್ಲ. ಅನ್ಯಜಾತಿಯ ಹೆಣ್ಣಿನೊಡನೆ ಕೂಡಿದವನ ಮೇಲೆ ಮತಾವೇಶದವರು ಎರಗುತ್ತಾರೆ ಎಂಬ ವಿಧಿಯೊಂದು ಮಿಷ್ನಾದಲ್ಲೂ ಉಳಿದುಬಂದಿತ್ತು.

ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದ್, ಸನ್ಹೆದ್ರಿನ್ ಭಾಗದ 82ನೆಯ ಹಾಳೆಯಲ್ಲಿ, ಈ ವಿಧಿಯ ಸುತ್ತ ಬೇಲಿಯ ಮೇಲೆ ಬೇಲಿ ಹಾಕುತ್ತದೆ. ಹಾಗೆ ಕೊಲ್ಲಬಹುದೇ ಎಂದು ಯಾರಾದರೂ ಕೇಳಲು ಬಂದರೆ ಹೂಂ ಅನ್ನಬಾರದು. ಜಿಮ್ರಿ ಆ ಹೆಣ್ಣಿನಿಂದ ದೂರ ಸರಿದ ಮೇಲೆ ಫೀನೆಹಾಸ ಇರಿದಿದ್ದರೆ ಅವನೇ ಕೊಲೆಗಾರ, ಅವನಿಗೇ ಮರಣದಂಡನೆ. ಜಿಮ್ರಿ ತಿರುಗಿಬಿದ್ದು ಫೀನೆಹಾಸನನ್ನು ಕೊಂದಿದ್ದರೆ ಜಿಮ್ರಿಗೆ ಶಿಕ್ಷೆಯಿಲ್ಲ; ಯಾಕೆಂದರೆ ಪ್ರಾಣ ತೆಗೆಯಲು ಬೆನ್ನಟ್ಟಿ ಬಂದವನು, ಅವರ ಪರಿಭಾಷೆಯಲ್ಲಿ ‘ರೋದೇಫ್’, ಫೀನೆಹಾಸನೇ. ಜೆರುಸಲೇಮಿನ ತಾಲ್ಮುದ್ ಇನ್ನೂ ಮುಂದೆ ಹೋಗುತ್ತದೆ: ಅವನು ಮಾಡಿದ್ದು ಜ್ಞಾನಿಗಳಿಗೆ ಒಪ್ಪಿಗೆಯಾಗಲಿಲ್ಲ, ದೇವರೇ ನಡುವೆ ಬಾರದಿದ್ದರೆ ಅವನಿಗೆ ಬಹಿಷ್ಕಾರ ಹಾಕುತ್ತಿದ್ದರು. ಜಿಮ್ರಿಯ ಬಾಯಲ್ಲಿ ತಾಲ್ಮುದ್ ಒಂದು ತುಂಟ ಪ್ರಶ್ನೆಯನ್ನೂ ಇಡುತ್ತದೆ: ಮೋಶೆ, ನಿನ್ನ ಹೆಂಡತಿಯೂ ಮಿದ್ಯಾನಿನವಳೇ ಅಲ್ಲವೇ, ಅವಳನ್ನು ನಿನಗೆ ಯಾರು ಅನುಮತಿಸಿದರು? ಇಂಥ ಪ್ರಶ್ನೆಯನ್ನು ಪಾಪಿಯಿಂದ ಕೇಳಿಸುವ ಧೈರ್ಯ ಎಲ್ಲ ಶಾಸ್ತ್ರಗಳಿಗೂ ಇರುವುದಿಲ್ಲ.

ಸಭಾಮಂದಿರದ ವಾರದ ಪಾರಾಯಣದಲ್ಲೂ ಒಂದು ಜಾಣ್ಮೆಯಿದೆ. ಕೊಲೆ ನಡೆದು ವ್ಯಾಧಿ ನಿಲ್ಲುವಲ್ಲಿಗೆ ಒಂದು ಶನಿವಾರದ ಪಾಠ ಮುಗಿಯುತ್ತದೆ. ಇನಾಮು ಸಿಗುವುದು ಮುಂದಿನ ಪಾಠದಲ್ಲಿ. ಹೊಗಳಲು ಅವಸರ ಬೇಡ ಎಂಬ ಸೂಚನೆ ಇದು ಎಂದು ವ್ಯಾಖ್ಯಾನಕಾರರು ಹೇಳುತ್ತಾ ಬಂದಿದ್ದಾರೆ. ಮತಾವೇಶದ ಇನ್ನೊಬ್ಬ ವೀರ, ಪ್ರವಾದಿ ಎಲೀಯನನ್ನು ಫೀನೆಹಾಸನೊಡನೆ ಒಂದು ಮಾಡಿ, ಪ್ರತಿ ಗಂಡುಮಗುವಿನ ಸುನ್ನತಿಯಲ್ಲೂ ಅವನಿಗೊಂದು ಕುರ್ಚಿ ಹಾಕುವ ಪದ್ಧತಿ ಬೆಳೆಯಿತು. ಕತ್ತಿ ಹಿಡಿದವನಿಗೆ ಕೊನೆಗೆ ಹಸುಗೂಸಿನ ಪಕ್ಕ ಕೂರುವ ಕೆಲಸ!

ಇಷ್ಟೆಲ್ಲ ಮೆಚ್ಚಿದ ಮೇಲೂ ಕೊರತೆಯನ್ನು ಹೇಳಲೇಬೇಕು. ‘ವಿಧಿ ಹೀಗಿದೆ, ಆದರೆ ಹೇಳಿಕೊಡುವಂತಿಲ್ಲ’ ಎಂಬ ಉಪಾಯ ಕೇಳಲು ಬಂದವನನ್ನು ತಡೆಯುತ್ತದೆ, ಕೇಳದೇ ಹೊರಟವನನ್ನು ತಡೆಯುವುದಿಲ್ಲ. ವಾರ ತಡವಾಗಿ ಬಂದರೂ ಇನಾಮು ಇನಾಮೇ. ಆ ವಾರದ ಪಾಠಕ್ಕೆ ಫೀನೆಹಾಸನದೇ ಹೆಸರು. ಅರಣ್ಯಕಾಂಡದ 31ನೆಯ ಅಧ್ಯಾಯದಲ್ಲಿ ಅದೇ ಫೀನೆಹಾಸ ಸೈನ್ಯದ ಜೊತೆ ಹೋಗುತ್ತಾನೆ, ಮಿದ್ಯಾನಿನ ಗಂಡಸರೆಲ್ಲ ಸಾಯುತ್ತಾರೆ, ಹೆಂಗಸರನ್ನೂ ಗಂಡುಮಕ್ಕಳನ್ನೂ ಕೊಲ್ಲಲು ಮೋಶೆ ಹೇಳುತ್ತಾನೆ. ಇನ್ನೊಂದು ಮಾತು. ರಬ್ಬಿಗಳು ಈ ಬೇಲಿ ಹಾಕಿದ್ದು ಅವರ ಜನದ ಬಳಿ ಸೈನ್ಯವಾಗಲಿ ರಾಜ್ಯವಾಗಲಿ ಇಲ್ಲದ ಕಾಲದಲ್ಲಿ. ಅಧಿಕಾರವಿಲ್ಲದವನ ಸಂಯಮ ಎಷ್ಟು ಗಟ್ಟಿ ಎಂಬುದು ಅಧಿಕಾರ ಸಿಕ್ಕಿದ ಮೇಲೆಯೇ ತಿಳಿಯುವುದು.

ಕ್ರೈಸ್ತರು ಈ ಪರೀಕ್ಷೆಗೆ ಕೂತದ್ದು ಬಹಳ ಬೇಗ. ಶಿಷ್ಯ ಪೇತ್ರನ ಕತ್ತಿಯನ್ನು ಒರೆಗೆ ಹಾಕಿಸಿದ ಯೇಸುವಿನ ಅನುಯಾಯಿಗಳು ಮೂರು ಶತಮಾನ ಬಹುಮಟ್ಟಿಗೆ ಸೈನ್ಯದಿಂದ ದೂರವಿದ್ದರು. ನಾಲ್ಕನೆಯ ಶತಮಾನದಲ್ಲಿ ಸಾಮ್ರಾಟ ಕಾನ್‌ಸ್ಟಂಟೈನನ ಆಶ್ರಯ ಸಿಕ್ಕಿತು. ದೇವಶಾಸ್ತ್ರಜ್ಞ ಅಗಸ್ಟೀನ್ ಮಾಡಿದ ಏರ್ಪಾಡು ಸರಳ: ಖಾಸಗಿ ಮನುಷ್ಯ ಆತ್ಮರಕ್ಷಣೆಗೂ ಕೊಲ್ಲಬಾರದು, ಕೊಲ್ಲುವ ಅಧಿಕಾರ ರಾಜ್ಯದ್ದು. 13ನೆಯ ಶತಮಾನದಲ್ಲಿ ತೋಮಸ್ ಅಕ್ವೈನಾಸ್ ಇದನ್ನು ಧರ್ಮಯುದ್ಧದ ಮೂರು ನಿಯಮಗಳಾಗಿ ಜೋಡಿಸಿದ: ಅಧಿಕಾರವುಳ್ಳವನ ಆಜ್ಞೆ, ನ್ಯಾಯವಾದ ಕಾರಣ, ಶುದ್ಧ ಉದ್ದೇಶ. ಒಂಟಿ ಈಟಿಗಾರನಿಗೆ ಇದರಲ್ಲಿ ಜಾಗವಿಲ್ಲ. ಆದರೆ ಅಗಸ್ಟೀನನೂ ಒಂದು ಕಿಂಡಿ ಬಿಟ್ಟ. ಫಿಲಿಷ್ಟಿಯರ ಮೇಲೆ ಕಟ್ಟಡ ಉರುಳಿಸಿ ತಾನೂ ಸತ್ತ ಸಂಸೋನನನ್ನು ಏನು ಮಾಡುವುದು? ಅವನಿಗೆ ದೇವರ ಗುಪ್ತ ಅಪ್ಪಣೆಯಿತ್ತು ಎಂದು ‘ದೇವರ ನಗರ’ದಲ್ಲಿ ಬರೆದುಬಿಟ್ಟ. ಗುಪ್ತ ಅಪ್ಪಣೆಯನ್ನು ಪರಿಶೀಲಿಸುವ ಕಚೇರಿ ಎಲ್ಲಿದೆ? ಅದೇ ಅಗಸ್ಟೀನ್ ಆಫ್ರಿಕದ ದೋನಾತಿಯರೆಂಬ ಭಿನ್ನಮತೀಯ ಕ್ರೈಸ್ತರನ್ನು ಬಲವಂತವಾಗಿ ಸಭೆಗೆ ತರುವುದಕ್ಕೆ ಸುವಾರ್ತೆಯ ಸಾಮತಿಯೊಂದನ್ನೇ ಆಧಾರ ಮಾಡಿಕೊಂಡ. ಈಟಿ ಖಾಸಗಿ ಕೈಯಿಂದ ಸರ್ಕಾರಿ ಕೈಗೆ ಹೋಯಿತು, ಅಷ್ಟೆ.

ಅಧಿಕಾರವುಳ್ಳವನೇ ಕರೆ ಕೊಟ್ಟರೆ ಏನಾಗುತ್ತದೆ ಎಂಬುದು 1095ರಲ್ಲಿ ಗೊತ್ತಾಯಿತು. ಎರಡನೆಯ ಅರ್ಬನ್ ಪೋಪ್ ಕ್ಲೆರ್ಮಾಂಟಿನಲ್ಲಿ ಕ್ರುಸೇಡಿಗೆ ಕರೆಕೊಟ್ಟ ಮರುವರ್ಷವೇ, ಯಾರ ಹತೋಟಿಯಲ್ಲೂ ಇಲ್ಲದ ಗುಂಪುಗಳು ರೈನ್ ನದಿಯ ದಂಡೆಯ ವರ್ಮ್ಸ್, ಮೈನ್ಜ್ ಪಟ್ಟಣಗಳಲ್ಲಿ ಯೆಹೂದಿಗಳನ್ನು ಕೊಚ್ಚಿಹಾಕಿದವು. ಮೈನ್ಜಿನಲ್ಲಿ ಬಿಷಪ್ಪನ ಅರಮನೆಯಲ್ಲಿ ಆಶ್ರಯ ಪಡೆದವರೂ ಉಳಿಯಲಿಲ್ಲ. ಪೋಪ್ ಹೇಳಿದ್ದು ಮುಸ್ಲಿಮರ ವಿರುದ್ಧ ಯುದ್ಧ. ಜನ ಕೇಳಿಸಿಕೊಂಡದ್ದು ದೇವರ ಶತ್ರುಗಳ ವಿರುದ್ಧ ಯುದ್ಧ, ಹತ್ತಿರದ ಶತ್ರು ಪಕ್ಕದ ಬೀದಿಯಲ್ಲೇ ಇದ್ದ.

ಫೀನೆಹಾಸ ತನ್ನ ಹೆಸರಿನಲ್ಲೇ ಮರಳಿ ಬಂದದ್ದು 20ನೆಯ ಶತಮಾನದ ಅಮೆರಿಕದಲ್ಲಿ. ರಿಚರ್ಡ್ ಕೆಲ್ಲಿ ಹೋಸ್ಕಿನ್ಸ್ ಎಂಬ ಬಿಳಿಯ ಜನಾಂಗವಾದಿ 1990ರಲ್ಲಿ ‘ಫೀನೆಹಾಸನ ಯಾಜಕತ್ವ’ದ ಕುರಿತು ಪುಸ್ತಕ ಬರೆದ. ಕಪ್ಪು ಬಿಳಿ ಜನ ಬೆರೆಯುವುದನ್ನು ಕೊಂದಾದರೂ ತಡೆಯುವವನೇ ಈ ಯಾಜಕ. ಸದಸ್ಯತ್ವ ಬೇಡ, ನಾಯಕ ಬೇಡ, ಕೃತ್ಯವೇ ದೀಕ್ಷೆ. ಮೋಶೆಯ ಹೆಂಡತಿಯ ಊರು ಯಾವುದೆಂದು ಇವರು ಓದಿದಂತಿಲ್ಲ. ಇದಕ್ಕಿಂತ ಯೋಚನೆಗೆ ಹಚ್ಚುವವನು ಪಾಲ್ ಹಿಲ್. ಒಂದು ಕಾಲಕ್ಕೆ ಪ್ರೆಸ್ಬಿಟೇರಿಯನ್ ಪಾದ್ರಿಯಾಗಿದ್ದವನು, ದೇವಶಾಸ್ತ್ರ ಓದಿದವನು. 1994ರ ಜುಲೈ 29ರಂದು ಫ್ಲೋರಿಡಾದ ಪೆನ್ಸಕೋಲಾದಲ್ಲಿ ಗರ್ಭಪಾತ ಮಾಡುತ್ತಿದ್ದ ವೈದ್ಯ ಜಾನ್ ಬ್ರಿಟನ್ನರನ್ನೂ ಅವರಿಗೆ ಬೆಂಗಾವಲಾಗಿ ಬಂದಿದ್ದ ಜೇಮ್ಸ್ ಬ್ಯಾರೆಟ್ಟರನ್ನೂ ಗುಂಡಿಟ್ಟು ಕೊಂದ. ತನ್ನ ಬರಹಗಳಲ್ಲಿ ಅವನು ಮುಂದಿಟ್ಟ ಆದರ್ಶ ಫೀನೆಹಾಸ. ಅವನ ಸಭೆ ಕೊಲೆಗೆ ಮುಂಚೆಯೇ, 1993ರಲ್ಲಿ, ಅವನನ್ನು ಬಹಿಷ್ಕರಿಸಿತ್ತು. 2003ರಲ್ಲಿ ಮರಣದಂಡನೆಯ ಮುನ್ನ, ಸ್ವರ್ಗದಲ್ಲಿ ತನಗೆ ದೊಡ್ಡ ಪ್ರತಿಫಲ ಕಾದಿದೆ ಎಂದು ನಗುನಗುತ್ತಾ ಹೇಳಿದ.

ಹಿಲ್‌ನ ವಲಯದ ಸಮರ್ಥಕರು ಆಗಾಗ ಡೀಟ್ರಿಶ್ ಬೋನ್‌ಹೋಫರನ ಹೆಸರು ಹಿಡಿಯುತ್ತಾರೆ. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿ 1945ರ ಏಪ್ರಿಲ್ 9ರಂದು ನೇಣಿಗೇರಿದ ಜರ್ಮನ್ ಪಾದ್ರಿ ಅವನು. ಹೋಲಿಕೆ ನಿಲ್ಲುವುದಿಲ್ಲ. ಕೊಲ್ಲುವುದು ಪಾಪವೇ, ಆ ಪಾಪವನ್ನು ಹೊತ್ತು ದೇವರ ಕರುಣೆಗೆ ಕೈಚಾಚಬೇಕು, ಸಮರ್ಥನೆ ಹುಡುಕಬಾರದು ಎಂಬುದು ಬೋನ್‌ಹೋಫರನ ನಿಲುವು. ಅವನು ಇನಾಮನ್ನು ಕೇಳಲಿಲ್ಲ. ಕ್ರೈಸ್ತ ಚಿಂತನೆ ಈ ವಿಷಯದಲ್ಲಿ ಮುಟ್ಟಿದ ಎತ್ತರ ಇದೇ ಎಂದು ನನಗನಿಸುತ್ತದೆ, ಅಕ್ವೈನಾಸನ ಮೂರು ನಿಯಮಗಳಲ್ಲ.

ಯೆಹೂದಿಗಳಿಗೆ ಪರೀಕ್ಷೆ 1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿದ ನಂತರ. 1953ರ ಅಕ್ಟೋಬರಿನಲ್ಲಿ ಇಸ್ರೇಲಿ ಸೈನಿಕರು ಗಡಿಯಾಚೆಯ ಕಿಬ್ಯಾ ಹಳ್ಳಿಗೆ ನುಗ್ಗಿ ಅರುವತ್ತಕ್ಕೂ ಹೆಚ್ಚು ಜನರನ್ನು ಕೊಂದಾಗ, ಕಟ್ಟಾ ಸಂಪ್ರದಾಯಸ್ಥನೂ ವಿಜ್ಞಾನಿಯೂ ಆದ ಯೆಶಾಯಾಹು ಲೈಬೊವಿಟ್ಜ್ ಎತ್ತಿಕೊಂಡದ್ದು ಆದಿಕಾಂಡದ ಇನ್ನೊಂದು ಕಥೆ. ತಂಗಿಯ ಮಾನಭಂಗಕ್ಕೆ ಸೇಡಾಗಿ ಶೆಕೆಮ್ ಊರನ್ನೇ ಕೊಂದ ಸಿಮೆಯೋನ, ಲೇವಿಯರಿಗೆ ಸಕಾರಣವೇ ಇತ್ತು. ಆದರೂ ತಂದೆ ಯಾಕೋಬ ಸಾಯುವಾಗ ಅವರ ಕೋಪವನ್ನು ಶಪಿಸಿದ. ಸಮರ್ಥನೆ ಸಿಕ್ಕಿದರೂ ಶಾಪ ತಪ್ಪುವುದಿಲ್ಲ ಎಂಬುದು ಲೈಬೊವಿಟ್ಜನ ವಾದ. ದೇಶ, ನೆಲ, ರಾಜ್ಯಗಳನ್ನು ಪವಿತ್ರ ಎಂದು ಕರೆದ ಮೇಲೆ ಇಂಥದ್ದು ನಡೆಯಲೇಬೇಕು ಎಂದೂ ಅವನು ಎಚ್ಚರಿಸಿದ. ಫೀನೆಹಾಸ ಲೇವಿಯ ವಂಶ, ಜಿಮ್ರಿ ಸಿಮೆಯೋನನ ವಂಶ: ಶಾಪಗ್ರಸ್ತ ಅಣ್ಣತಮ್ಮಂದಿರ ವಂಶಜರಲ್ಲೇ ಒಬ್ಬ ಇನ್ನೊಬ್ಬನನ್ನು ಇರಿದಿದ್ದಾನೆ.

1994ರ ಫೆಬ್ರುವರಿ 25, ಪೂರಿಮ್ ಹಬ್ಬದ ದಿನ, ವೈದ್ಯ ಬರೂಖ್ ಗೋಲ್ಡ್‌ಸ್ಟೈನ್ ಹೆಬ್ರೋನಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಪ್ಯಾಲೆಸ್ಟೀನಿಯರನ್ನು ಗುಂಡಿಟ್ಟು ಕೊಂದ. ಅವನು ರಬ್ಬಿ ಮೆಯಿರ್ ಕಹಾನೆ ಕಟ್ಟಿದ ಕಡು ಬಲಪಂಥೀಯ ಕಾಖ್ ಪಕ್ಷದವನು. ಸರ್ಕಾರ ಆ ಪಕ್ಷವನ್ನು ನಿಷೇಧಿಸಿತು. ಸಮಾಧಿಯ ಸುತ್ತ ಎದ್ದ ಕಟ್ಟಡವನ್ನು 1999ರಲ್ಲಿ ಸೈನ್ಯ ಕೆಡವಿತು, ಅವನನ್ನು ಸಂತನೆಂದು ಹೊಗಳುವ ಕಲ್ಲು ಮಾತ್ರ ಉಳಿಯಿತು. 1995ರ ನವೆಂಬರ್ 4ರಂದು ಕಾನೂನು ವಿದ್ಯಾರ್ಥಿ ಯಿಗಾಲ್ ಅಮೀರ್ ಪ್ರಧಾನಿ ಯಿಟ್ಜಾಕ್ ರಾಬಿನ್ ಅವರನ್ನು ಕೊಂದ. ನೆಲ ಬಿಟ್ಟುಕೊಡುವ ರಾಬಿನ್ ಒಬ್ಬ ರೋದೇಫ್ ಎಂಬುದು ಅವನ ನೆಪ. ಅದಕ್ಕೂ ತಿಂಗಳುಗಳ ಮುಂಚೆ ಪಶ್ಚಿಮ ದಂಡೆಯ ಕೆಲವು ರಬ್ಬಿಗಳು ಇದೇ ಪ್ರಶ್ನೆಯನ್ನು ಪತ್ರ ಬರೆದು ಚರ್ಚಿಸಿದ್ದರು. ತಾಲ್ಮುದಿನ 82ನೆಯ ಹಾಳೆಯನ್ನು ಅವರೆಲ್ಲ ಓದಿದವರೇ. ಅಲ್ಲಿ ರೋದೇಫ್ ಎಂಬ ಮಾತು ಬಿದ್ದಿರುವುದು ಈಟಿ ಹಿಡಿದು ಬಂದವನ ತಲೆಯ ಮೇಲೆ.

ಇಂಥವರೆಲ್ಲ ನಿಜವಾದ ಯೆಹೂದಿಗಳಲ್ಲ, ನಿಜವಾದ ಕ್ರೈಸ್ತರಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಧರ್ಮದ ಹಿಂಸೆಯೆಂಬ ಪ್ರತ್ಯೇಕ ಜಾತಿಯೇ ಇಲ್ಲ, ಅದು ಆಧುನಿಕ ರಾಜ್ಯಗಳು ತಮ್ಮ ಹಿಂಸೆಯನ್ನು ಮುಚ್ಚಿಕೊಳ್ಳಲು ಕಟ್ಟಿದ ಕಥೆ ಎಂದು ದೇವಶಾಸ್ತ್ರಜ್ಞ ವಿಲಿಯಂ ಕ್ಯಾವನಾ 2009ರಲ್ಲಿ ವಾದಿಸಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. 1946ರಲ್ಲಿ ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲನ್ನು ಸ್ಫೋಟಿಸಿ 91 ಜನರನ್ನು ಕೊಂದ ಇರ್ಗುನ್ ಸಂಘಟನೆಗೆ ಬೇಕಾಗಿದ್ದದ್ದು ರಾಜ್ಯ, ರಬ್ಬಿಯ ಅಪ್ಪಣೆಯಲ್ಲ. ಆದರೆ ಹಿಲ್, ಅಮೀರ್ ಇಬ್ಬರೂ ಶಾಸ್ತ್ರದ ಪುಟ ತೆರೆದು ತೋರಿಸಿದವರು. ಆ ಪುಟಕ್ಕೆ ಆ ಶಾಸ್ತ್ರದವರೇ ಉತ್ತರ ಹೇಳಬೇಕು.

ಹಾಗೆ ಉತ್ತರ ಹೇಳಿದವರಲ್ಲಿ ರಬ್ಬಿ ಅಹರೋನ್ ಲಿಖ್ಟೆನ್‌ಸ್ಟೈನ್ ಒಬ್ಬರು. ಪಶ್ಚಿಮ ದಂಡೆಯಲ್ಲೇ ಯೆಶಿವಾ (ಧರ್ಮಪಾಠಶಾಲೆ) ನಡೆಸುತ್ತಿದ್ದ ಅವರು ರಾಬಿನ್ ಹತ್ಯೆಯ ನಂತರ ತಮ್ಮ ವಿದ್ಯಾರ್ಥಿಗಳಿಗೆ, ಕೊಲೆಯ ಹಿಂದಿನ ದಿನದವರೆಗೂ ಈ ಹುಡುಗನನ್ನು ನಮ್ಮ ಶಿಕ್ಷಣದ ಹೆಮ್ಮೆಯ ಫಲವೆಂದು ನಾವು ತೋರಿಸುತ್ತಿದ್ದೆವು ಎಂಬರ್ಥದ ಮಾತನ್ನಾಡಿದರು. ಇನಾಮನ್ನು ವಾಪಸು ಪಡೆಯುವ ಕೆಲಸ ಶುರುವಾಗಬೇಕಾದದ್ದು ಇಂಥ ಮಾತಿನಿಂದ. ಅವರ ಸಮುದಾಯ ಹಿಡಿದ ದಾರಿ ಬೇರೆ. ಹರೆಯದಲ್ಲಿ ಕಾಖ್ ಸೇರಿದ್ದ, ಗೋಲ್ಡ್‌ಸ್ಟೈನನ ಫೋಟೋವನ್ನು ವರ್ಷಗಟ್ಟಲೆ ಮನೆಯ ಹಾಲಿನಲ್ಲಿ ತೂಗುಹಾಕಿಕೊಂಡಿದ್ದ ಇತಮಾರ್ ಬೆನ್ ಗ್ವಿರ್, 2022ರ ಡಿಸೆಂಬರಿನಲ್ಲಿ ಇಸ್ರೇಲಿನ ರಾಷ್ಟ್ರೀಯ ಭದ್ರತಾ ಸಚಿವರಾದರು.