ಲಾಜರನೂ ರಾಸ್ಕೋಲ್ನಿಕೋವನೂ

ಪಾಶ್ಚಾತ್ಯ ಕಾದಂಬರಿಗಳಲ್ಲಿ ಬೈಬಲ್ಲಿನ ಪ್ರತೀಕಗಳನ್ನು ಹೆಕ್ಕಿ ಪಟ್ಟಿ ಮಾಡುವುದು ವಿಮರ್ಶಕರಿಗೆ ಪ್ರಿಯವಾದ ಉದ್ಯೋಗ. ಶಿಲುಬೆ ಕಂಡರೆ ಯೇಸು, ವೇಶ್ಯೆ ಕಂಡರೆ ಮಗ್ದಲದ ಮರಿಯ ಎಂದು ಗುರುತು ಹಾಕಿಬಿಟ್ಟರೆ ಮುಗಿಯಿತು. ದಾಸ್ತೊಯೆವ್‌ಸ್ಕಿ 1866ರಲ್ಲಿ ಬರೆದ 'ಅಪರಾಧ ಮತ್ತು ಶಿಕ್ಷೆ'ಗೆ ಈ ಲೆಕ್ಕ ಸಾಲದೆಂದು ನಮಗನ್ನಿಸುತ್ತದೆ.

ಪೀಟರ್ಸ್‌ಬರ್ಗಿನ ಬಡ ವಿದ್ಯಾರ್ಥಿ ರಾಸ್ಕೋಲ್ನಿಕೋವ್ ಗಿರವಿ ಹಿಡಿಯುವ ಮುದುಕಿಯನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಅಕಸ್ಮಾತ್ ಒಳಬಂದ ಅವಳ ಮಲತಂಗಿ, ಸಾಧು ಹೆಣ್ಣು ಲಿಜವೇತಳನ್ನೂ ಬಿಡುವುದಿಲ್ಲ. ಮನೆಯವರ ಹಸಿವಿಗಾಗಿ ಮೈ ಮಾರಿಕೊಂಡ ಸೋನ್ಯ, ಅವನ ಒತ್ತಾಯಕ್ಕೆ, ಯೋಹಾನನ ಸುವಾರ್ತೆಯಿಂದ ಲಾಜರನ ಕಥೆ ಓದುತ್ತಾಳೆ. ಸತ್ತು ನಾಲ್ಕು ದಿನ ಗವಿಯಲ್ಲಿದ್ದವನನ್ನು ಯೇಸು ಎಬ್ಬಿಸಿದ ಪ್ರಸಂಗ ಅದು. 'ನಾಲ್ಕು' ಎಂಬ ಮಾತನ್ನು ಅವಳು ಒತ್ತಿ ಓದುತ್ತಾಳೆ. ಕೊಲೆಯ ತರುವಾಯ ಇವನೂ ನಾಲ್ಕು ದಿನ ಅನ್ನನೀರಿಲ್ಲದೆ ಜ್ವರದಲ್ಲಿ ಬಿದ್ದಿದ್ದವನೇ. ಇವನ ಕೋಣೆಯನ್ನು ಶವಪೆಟ್ಟಿಗೆಗೆ ಹೋಲಿಸಿದವಳು ಹೆತ್ತ ತಾಯಿ.

ಇಷ್ಟಾದರೂ ಓದು ಮುಗಿದಾಗ ಇವನೇನೂ ಎದ್ದು ಬರುವುದಿಲ್ಲ. ಓದಿದ ಪುಸ್ತಕ ಯಾರದು? ಲಿಜವೇತ ತಂದುಕೊಟ್ಟದ್ದು! ಏಳೆಂಬ ಕರೆ ಬರುವುದು ತಾನೇ ಕೊಂದವಳ ಪುಸ್ತಕದಿಂದ. ಶಿಲುಬೆಗಳ ವಿಷಯವೂ ಹೀಗೆಯೇ. ಮುದುಕಿಯ ಕೊರಳಲ್ಲಿ ಎರಡು ಶಿಲುಬೆಗಳಿದ್ದವು, ಒಂದು ಸೈಪ್ರೆಸ್ ಮರದ್ದು, ಇನ್ನೊಂದು ತಾಮ್ರದ್ದು. ಅವನ್ನು ಹೆಣದ ಮೇಲೆಸೆದು ಹಣದ ಚೀಲವನ್ನಷ್ಟೇ ಒಯ್ದಿದ್ದ. ಸೋನ್ಯಳ ಬಳಿಯೂ ಅಂಥವೇ ಎರಡು. ತಾಮ್ರದ್ದು ಲಿಜವೇತಳಿಂದ ಬಂದದ್ದು. ತಪ್ಪೊಪ್ಪಿಕೊಳ್ಳಲು ಹೊರಟವನ ಕೊರಳಿಗೆ ಅವಳು ಮರದ್ದನ್ನು ಹಾಕುತ್ತಾಳೆ. ಗೋವಿಂದ ಪೈಗಳ 'ಗೊಲ್ಗೊಥಾ' ಓದಿದವರಿಗೆ ಬೆಟ್ಟದ ಮೇಲಿನ ಶಿಲುಬೆ ಪರಿಚಿತ. ಇಲ್ಲಿ ಅದು ಗಿರವಿಯಂಗಡಿಯ ಮುದುಕಿಯ ಕೊರಳ ದಾರದಲ್ಲಿದೆ.

ಹಣದ ಲೆಕ್ಕವನ್ನೂ ನೋಡಬೇಕು. ಮೊದಲ ಸಲ ಬೀದಿಗಿಳಿದ ಸೋನ್ಯ ಮನೆಗೆ ತಂದು ಮೇಜಿನ ಮೇಲಿಟ್ಟದ್ದು 30 ರೂಬಲ್. ಕುಡುಕ ತಂದೆ ಅವಳಿಂದ ಇಸಿದುಕೊಂಡ ಕೊನೆಯ ಕಾಸು 30 ಕೊಪೆಕ್. ಯೂದನಿಗೆ ಯೇಸುವನ್ನು ಹಿಡಿದುಕೊಟ್ಟದ್ದಕ್ಕೆ ಸಿಕ್ಕ ಬೆಳ್ಳಿ ನಾಣ್ಯಗಳೂ 30. ಹಾಗಾದರೆ ಸೋನ್ಯಳನ್ನು ಪಶ್ಚಾತ್ತಾಪಪಡುವ ಮರಿಯ ಎನ್ನುವುದು ಹೇಗೆ? ಮಾರಲ್ಪಟ್ಟವಳು ಅವಳು, ಮಾರಿದವರು ಆ ಹಣದಲ್ಲಿ ಉಂಡವರು. ಹೆಣ್ಣುಮಗಳ ತ್ಯಾಗವನ್ನು ಹೊಗಳುತ್ತಲೇ ಅವಳ ದುಡಿಮೆ ತಿನ್ನುವ ಸಂಸಾರಗಳು ರಷ್ಯದಲ್ಲಿ ಮಾತ್ರ ಇವೆಯೇ?

ಕೊಲೆಗಾರನನ್ನೂ ವೇಶ್ಯೆಯನ್ನೂ ಒಂದೇ ಮೇಣದಬತ್ತಿಯ ಬೆಳಕಿನಲ್ಲಿ ಕೂರಿಸಿದ್ದನ್ನು ನಬೊಕೊವ್ ಕೀಳು ಅಭಿರುಚಿ ಎಂದು ಜರಿದಿದ್ದಾನೆ. ಕಾದಂಬರಿಯನ್ನು ಪ್ರಕಟಿಸಿದ ಪತ್ರಿಕೆಯವರೇ ಈ ಅಧ್ಯಾಯವನ್ನು ಒಪ್ಪದೆ ತಿದ್ದಿ ಬರೆಸಿದ್ದರು. ಸೋನ್ಯಳಿಗೆ ಒಂದು ಸಲವಾದರೂ ಸಿಟ್ಟು ಬರಬಾರದೇ ಎಂಬ ದೂರು ನಮ್ಮದೂ ಇದೆ. ಆದರೆ ಲೇಖಕ ಪವಾಡವನ್ನು ಅಗ್ಗ ಮಾಡಿಲ್ಲ. ಸಂತೆ ಚೌಕದಲ್ಲಿ ಮೊಣಕಾಲೂರಿ ನೆಲಕ್ಕೆ ಮುತ್ತಿಟ್ಟಾಗ ಜನ ನಗುತ್ತಾರೆ. ಜೆರೂಸಲೇಮಿಗೆ ಹೊರಟಿದ್ದಾನೆಂದು ಒಬ್ಬ ಹಾಸ್ಯ ಮಾಡುತ್ತಾನೆ.

ಸೈಬೀರಿಯದ ಉಪಸಂಹಾರ ಅವಸರದ್ದೆಂಬ ಟೀಕೆಯಲ್ಲಿ ಅರ್ಧ ಸತ್ಯವಿದೆ. ನದಿಯ ದಡದಲ್ಲಿ ಸೋನ್ಯಳ ಕಾಲಿಗೆ ಬೀಳುವ ಬದಲಾವಣೆ ತೀರ ಥಟ್ಟನೆ ಆಗುತ್ತದೆ. ಆ ರಾತ್ರಿ ಲಿಜವೇತಳ ಅದೇ ಪುಸ್ತಕ ದಿಂಬಿನಡಿ ಇದೆ. ಕೈಗೆತ್ತಿಕೊಳ್ಳುತ್ತಾನೆ, ತೆರೆಯುವುದಿಲ್ಲ. ಶಿಕ್ಷೆಯಲ್ಲಿ ಇನ್ನೂ 7 ವರ್ಷ ಬಾಕಿ.