ಕೈದಾಳದ ಕಥೆಯೂ ಕಲ್ಲುಗಣಿಯ ಕೈಗಳೂ

ಕನ್ನಡನಾಡಿನ ಐತಿಹ್ಯಗಳಲ್ಲಿ ಜಕಣಾಚಾರಿಯ ಕಥೆಯಷ್ಟು ಜನರ ಬಾಯಲ್ಲಿ ನಿಂತಿರುವುದು ಬೇರೊಂದಿಲ್ಲವೆಂದರೆ ತಪ್ಪಾಗಲಾರದು. ಬೇಲೂರಿಗೆ ಹೋದವರಿಗೆ ಮಾರ್ಗದರ್ಶಕರು ಅದನ್ನು ಹೇಳಿಯೇ ತೀರುತ್ತಾರೆ. 1964ರಲ್ಲಿ ಬಿ. ಎಸ್. ರಂಗಾ ಅವರು ಅದನ್ನು ವರ್ಣಚಿತ್ರವಾಗಿ ತೆರೆಗೆ ತಂದ ಮೇಲಂತೂ ಅಕ್ಷರವರಿಯದವರಿಗೂ ಅದು ಪರಿಚಿತವಾಯಿತು. ಇಂಥ ಕಥೆಯನ್ನು ಮತ್ತೆ ವಿಮರ್ಶೆಗೆ ಎತ್ತಿಕೊಳ್ಳುವುದೇತಕ್ಕೆ ಎಂದು ವಾಚಕರು ಕೇಳಬಹುದು. ಪರಿಚಯವು ಹೆಚ್ಚಿದಂತೆ ಅರ್ಥವಿಚಾರವು ಕಡಮೆಯಾಗುವುದು ಲೋಕರೂಢಿ. ಈ ಕಥೆಯಲ್ಲಿ ನಾವು ವಿಚಾರಿಸದೆ ಬಿಟ್ಟ ಒಂದು ಸಂಗತಿಯುಂಟು. ಅದಕ್ಕಾಗಿ ಈಗಲೂ ಮನುಷ್ಯರು ಕೈಕಾಲುಗಳನ್ನು ತೆರುತ್ತಿದ್ದಾರೆಂಬುದು ನನ್ನ ಅಭಿಪ್ರಾಯ.

ಕಥಾಸಾರವಿಷ್ಟು. ಬೇಲೂರಿನಲ್ಲಿ ಪ್ರತಿಷ್ಠೆಗೆ ಸಿದ್ಧವಾದ ಚೆನ್ನಿಗರಾಯನ ವಿಗ್ರಹದ ಶಿಲೆ ದೋಷಯುಕ್ತವೆಂದು ಅಪರಿಚಿತನಾದೊಬ್ಬ ಯುವಕನು ಆಕ್ಷೇಪಿಸುತ್ತಾನೆ. ದೋಷವು ತೋರಿದರೆ ಬಲಗೈಯನ್ನು ಕಡಿದುಕೊಳ್ಳುವೆನೆಂದು ಜಕಣಾಚಾರಿಯು ಪಣ ತೊಡುತ್ತಾನೆ. ಯುವಕನು ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸುತ್ತಾನೆ. ಉಳಿದೆಡೆಯೆಲ್ಲ ಗಂಧ ಒಣಗಿ, ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯನ್ನು ಇಟ್ಟು ಹೊಡೆಯಲು ನೀರೂ ಮರಳೂ ಸುರಿದು ಕಪ್ಪೆಯೊಂದು ಹೊರಬೀಳುತ್ತದೆ. ಶಿಲ್ಪಿಯು ಕೈಯನ್ನು ಕಡಿದುಕೊಳ್ಳುತ್ತಾನೆ. ಯುವಕನು ಅವನ ಮಗನೇ ಆದ ಡಂಕಣನೆಂದು ಅನಂತರ ತಿಳಿಯುತ್ತದೆ. ತುಮಕೂರಿನ ಸಮೀಪದ ಸ್ವಗ್ರಾಮದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದಾಗ ದೈವಾನುಗ್ರಹದಿಂದ ಹೋದ ಕೈ ಮರಳಿ ಬಂದಿತೆಂದೂ, ಅದರಿಂದ ಆ ಊರಿಗೆ ಕೈದಾಳವೆಂದು ಹೆಸರಾಯಿತೆಂದೂ ಕಥೆ ಮುಗಿಯುತ್ತದೆ.

ಇದು ಚರಿತ್ರೆಯಲ್ಲವೆಂಬುದನ್ನು ವಿದ್ವಾಂಸರು ಎಂದೋ ಹೇಳಿದ್ದಾರೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ವಿಗ್ರಹಗಳ ಕೆಳಗೆ ಹೆಸರುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ, ಜಕಣಾಚಾರಿಯ ಹೆಸರಿಲ್ಲ. ಆದರೆ ಚರಿತ್ರೆಯಲ್ಲವೆಂದ ಮಾತ್ರಕ್ಕೆ ಕಥೆಯು ನಿರರ್ಥಕವಾಗುವುದಿಲ್ಲ. ಸಾಮಾನ್ಯವಾಗಿ ಇದನ್ನು ಗರ್ವಭಂಗದ ಕಥೆಯೆಂದು ಓದುವರು. ಮಗನಿಂದ ಪರಾಜಯವನ್ನು ಬಯಸಬೇಕೆಂಬ ಸುಭಾಷಿತಕ್ಕೆ ದೃಷ್ಟಾಂತವೆಂದು ಕೆಲವರು ಓದುವರು. ಭಕ್ತಿಮಹಿಮೆಯೆಂದು ಮತ್ತೆ ಕೆಲವರು. ಇವೆಲ್ಲಕ್ಕೂ ಕಥೆಯಲ್ಲಿ ಎಡೆಯುಂಟು. ಆದರೆ ಕಥೆಯ ಕೀಲು ಇರುವುದು ಗಂಧದ ಲೇಪನದಲ್ಲಿ. ಅದನ್ನು ತೆಗೆದುಬಿಟ್ಟರೆ ಗರ್ವವೂ ಭಂಗವಾಗದು, ಮಗನೂ ಗೆಲ್ಲನು, ಗುಡಿಯೂ ಏಳದು. ಇದು ಮೂಲತಃ ಶಿಲಾಪರೀಕ್ಷೆಯ ಕಥೆ.

ಪರೀಕ್ಷೆಯು ನಮ್ಮವರಿಗೆ ಹೊಸತಲ್ಲ. ಪಾಠಶಾಲೆಯಲ್ಲಿ ಓದಿದವರಿಗೆ ವರಾಹಮಿಹಿರನ ಬೃಹತ್ಸಂಹಿತೆ ನೆನಪಿರಬಹುದು. ಕಡಿದ ಮರದಲ್ಲಿ ಕಾಣುವ ಮಂಡಲದ ಬಣ್ಣದಿಂದ ಒಳಗೆ ಯಾವ ಪ್ರಾಣಿ ಅಡಗಿದೆಯೆಂದು ಅಲ್ಲಿ ಹೇಳಿದೆ. ಮಂಜಿಷ್ಠದ ಬಣ್ಣವಾದರೆ ಕಪ್ಪೆಯಂತೆ! ಆ ಬಣ್ಣಗಳ ಲೆಕ್ಕ ನಿಜವೋ ಸುಳ್ಳೋ, ಬಿಡೋಣ. ಒಡೆಯದ ಬಂಡೆಯನ್ನು ಪಲಾಶದ ಕಟ್ಟಿಗೆಯ ಬೆಂಕಿಯಿಂದ ಕೆಂಪಗೆ ಕಾಸಿ ಸುಣ್ಣದ ನೀರೆರೆದು ಸೀಳುವ ಕ್ರಮವೂ ಅದರಲ್ಲಿಯೇ ಇದೆ. ಶಿಲ್ಪಶಾಸ್ತ್ರಕಾರರಂತೂ ಕಲ್ಲನ್ನು ಬಡಿದು, ಅದರ ನಾದವನ್ನು ಕೇಳಿ, ಆಮೇಲೆ ಆರಿಸಬೇಕೆನ್ನುತ್ತಾರೆ. ಎಲ್ಲಕ್ಕೂ ತಾತ್ಪರ್ಯವೊಂದೇ: ಕಲ್ಲಿನ ಒಳಗು ಕಣ್ಣಿಗೆ ಕಾಣದು, ಆದಕಾರಣ ಉಳಿಯಿಡುವುದಕ್ಕೆ ಮೊದಲು ಅದನ್ನು ಕೇಳಿ ತಿಳಿಯಬೇಕು.

ಈ ಮಾತು ಗುಡಿಯ ಅಂಗಳಕ್ಕಿಂತ ಹೆಚ್ಚಾಗಿ ಕಲ್ಲುಗಣಿಗೆ ಸಲ್ಲುತ್ತದೆ. ಅಲ್ಲಿ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಅನುಭವಿಯಾದವನು ಹಾರೆಯಿಂದ ಬಂಡೆಯ ಮುಖವನ್ನು ತಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಬಂಡೆ ಗಂಟೆಯಂತೆ ಖಣಿಲೆನ್ನುತ್ತದೆ. ಒಳಗೆ ಬಿರುಕುಬಿಟ್ಟು ಸಡಿಲವಾದದ್ದು ಒಡೆದ ಮಡಕೆಯಂತೆ ಬೊಳ್ಳೆನ್ನುತ್ತದೆ. ಬೊಳ್ಳೆಂದ ಚಪ್ಪಡಿಯನ್ನು ಮೇಲಿನಿಂದ ಮೀಟಿ ಕೆಡವಿದ ಹೊರತು ಅದರ ಕೆಳಗೆ ಒಬ್ಬನನ್ನೂ ನಿಲ್ಲಿಸಕೂಡದು. ರಾತ್ರಿ ಮಳೆ ಬಿದ್ದಿದ್ದರೆ, ಹಿಂದಿನ ಸಂಜೆ ಸಿಡಿಮದ್ದು ಹಾರಿಸಿದ್ದರೆ, ನಿನ್ನೆ ಖಣಿಲೆಂದದ್ದೂ ಇಂದು ಬೊಳ್ಳೆನ್ನಬಹುದು. ಡಂಕಣನ ಗಂಧಕ್ಕೂ ಈ ಹಾರೆಗೂ ಕೆಲಸವೊಂದೇ. ಹಾರೆಗೆ ಬೇಕಾದುದು ಅರ್ಧ ಗಂಟೆಯ ಹೊತ್ತು. ಆ ಅರ್ಧ ಗಂಟೆಯ ಕೂಲಿಯನ್ನು ಉಳಿಸುವುದಕ್ಕಾಗಿ ಎಷ್ಟು ಗಣಿಗಳಲ್ಲಿ ಪರೀಕ್ಷೆಯನ್ನೇ ಕೈಬಿಡುವರೆಂಬುದನ್ನು ಅಲ್ಲಿ ದುಡಿದವರೇ ಹೇಳಬೇಕು.

1961ರ ಲೋಹಗಣಿಗಳ ನಿಯಮಾವಳಿಯನ್ನು ಸಾಹಿತ್ಯಪ್ರಿಯರು ಯಾರೂ ಓದುವುದಿಲ್ಲ. ನಾನೂ ಕುತೂಹಲಕ್ಕೆ ಓದಿದವನು. ಶೈಲಿ ಶುಷ್ಕವಾದರೂ ಗ್ರಂಥವು ವಿವೇಕಪೂರ್ಣ. ತೆರೆದ ಗಣಿಯ ಪಕ್ಕಗಳನ್ನು ಗೋಡೆಯಂತೆ ನೆಟ್ಟಗೆ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕೆನ್ನುತ್ತದೆ. ಬುಡವನ್ನು ಕೊರೆದು ಮೇಲುಬಂಡೆ ಚಾಚಿಕೊಂಡು ನಿಲ್ಲುವಂತೆ ಮಾಡಕೂಡದೆನ್ನುತ್ತದೆ. ಮದ್ದು ತುಂಬಿದ ಕುಳಿ ಸಿಡಿಯದೆ ಉಳಿದರೆ ಅದರ ಮದ್ದನ್ನು ಕೆದಕಿ ತೆಗೆಯಬಾರದು. ನಿಯತ ಕಾಲ ಕಾದು, ಒಂದಡಿಯಷ್ಟಾದರೂ ದೂರದಲ್ಲಿ ಬೇರೊಂದು ಕುಳಿ ಕೊರೆದು ಸಿಡಿಸಬೇಕು. ಹೀಗೆ ಪ್ರತಿಯೊಂದು ವಾಕ್ಯದ ಹಿಂದೆಯೂ ಎಲ್ಲಿಯೋ ಒಬ್ಬನು ಸತ್ತಿರಬೇಕೆಂದು ಓದುವಾಗ ತೋರುತ್ತದೆ. ಆದರೆ ಈ ನಿಯಮಗಳಿಗೆ ತಾಯಿಯಾದ 1952ರ ಗಣಿ ಶಾಸನವು, ಕಟ್ಟಡದ ಕಲ್ಲನ್ನೂ ಜಲ್ಲಿಯನ್ನೂ ತೆಗೆಯುವ ತೆರೆದ ಗಣಿಯು 6 ಮೀಟರಿಗಿಂತ ಆಳವಾಗದೆ, 50 ಜನರನ್ನು ಮೀರದೆ, ಸಿಡಿಮದ್ದನ್ನು ಬಳಸದೆ ಇದ್ದರೆ ಅದನ್ನು ತನ್ನ ಬಹುಪಾಲು ವಿಧಿಗಳಿಂದ ಹೊರಗಿಟ್ಟಿತ್ತು. ಆರು ಮೀಟರೆಂದರೆ ಸುಮಾರು ಇಪ್ಪತ್ತಡಿ. ಇಪ್ಪತ್ತಡಿಯಿಂದ ಬಿದ್ದ ಕಲ್ಲು ತಲೆಯನ್ನು ಒಡೆಯುವುದಿಲ್ಲವೆಂದು ಶಾಸನಕರ್ತರು ಭಾವಿಸಿದ್ದರೋ ಏನೋ! ಮದ್ದಿಲ್ಲದೆ ಸುತ್ತಿಗೆ, ಬೆಂಕಿಗಳಿಂದಲೇ ಕಲ್ಲೊಡೆದು ಹೊಟ್ಟೆ ಹೊರೆಯುವ ಬಡ ಸಂಸಾರಗಳೇ ಹೀಗೆ ಹೊರಗುಳಿದದ್ದು.

ಒಳಗಿದ್ದವರ ಗತಿಯಾದರೂ ಏನಾಯಿತು? 2021ರ ಜನವರಿ 21ರ ರಾತ್ರಿ ಶಿವಮೊಗ್ಗೆಯ ಬಳಿಯ ಹುಣಸೋಡಿನಲ್ಲಿ ಗಣಿಯ ಸ್ಫೋಟಕಗಳು ಸಿಡಿದವು. ಭೂಕಂಪವೆಂದು ಬೆದರಿ ದೂರದೂರಿನ ಜನರೂ ಮನೆಗಳಿಂದ ಹೊರಬಂದರು. ಸತ್ತವರಲ್ಲಿ ಕೆಲವರ ಗುರುತು ಹಿಡಿಯುವುದೂ ಕಷ್ಟವಾಯಿತು. ಅದಾಗಿ ಇನ್ನೂ ಐದು ವಾರ ಕಳೆದಿರಲಿಲ್ಲ. ಫೆಬ್ರವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು 6 ಮಂದಿ ಮಡಿದರು. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಡ್ಡದಲ್ಲಿ ಮದ್ದಿನ ಮಾತೇ ಇಲ್ಲ, ಬಂಡೆಗಳೇ ಕುಸಿದು ಕೂಲಿಕಾರರ ಮೇಲೆ ಬಿದ್ದವು. ಇವು ಪತ್ರಿಕೆಗಳಲ್ಲಿ ಬಂದವು. ಒಬ್ಬನ ಕಣ್ಣಿಗೆ ಚಕ್ಕೆ ಹಾರಿದ್ದು, ಮತ್ತೊಬ್ಬನ ಬೆರಳು ಜಜ್ಜಿಹೋದದ್ದು ಪತ್ರಿಕೆಗೆ ಬರುವುದಿಲ್ಲ.

ನಾನು ಉಪಾಧ್ಯಾಯನಾಗಿದ್ದ ಊರುಗಳಲ್ಲೊಂದಕ್ಕೆ ಎರಡು ಮೈಲಿಯಲ್ಲಿ ಕಲ್ಲುಗಣಿಯಿತ್ತು. ಅಲ್ಲಿಂದ ಬರುವ ಹುಡುಗರ ಅಂಕಪಟ್ಟಿಗಳಲ್ಲಿ ತಂದೆಯ ರುಜುವಿನ ಎಡೆಯಲ್ಲಿ ಹೆಬ್ಬೆಟ್ಟಿನ ಗುರುತಿರುತ್ತಿತ್ತು. ಗಂಡಸರು ಎಡಗೈಯ ಹೆಬ್ಬೆಟ್ಟನ್ನು ಒತ್ತುವುದು ರೂಢಿಯಷ್ಟೆ. ಒಬ್ಬ ತಂದೆ ಮಾತ್ರ ಶಾಲೆಗೆ ಬಂದಾಗ ಬಲಗೈಯನ್ನು ಮುಂದೆ ಚಾಚಿದನು. ಎಡಗೈಯಲ್ಲಿ ಹೆಬ್ಬೆರಳಿರಲಿಲ್ಲ. ಕುಳಿ ಕೊರೆಯುವಾಗ ಉಳಿಯನ್ನು ಹಿಡಿದಿದ್ದವನು ಅವನು, ಸುತ್ತಿಗೆ ಬೀಸಿದವನು ಜೊತೆಗಾರ. ಹೇಗಾಯಿತೆಂದು ವಿಚಾರಿಸಿದೆನು. “ನನ್ನ ಕೈಯೇ ಜಾರಿತು ಸ್ವಾಮಿ, ತಪ್ಪು ನನ್ನದೇ” ಎಂದನು. ಕೈಯಿಂದ ಹಿಡಿಯುವ ಬದಲು ಉದ್ದ ಹಿಡಿಕೆಯ ಇಕ್ಕಳದಿಂದ ಉಳಿಯನ್ನು ಹಿಡಿಯಬಹುದಾಗಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಕ್ಕಳವನ್ನು ಕೊಡಿಸಿದವರೂ ಇಲ್ಲ.

ಇಲ್ಲಿಯೇ ಜಕಣಾಚಾರಿಯ ಕಥೆಯ ಮೇಲೆ ನನಗಿರುವ ಮುಖ್ಯ ಆಕ್ಷೇಪಣೆ. ಆ ಕೈಯ ಅಪರಾಧವಾದರೂ ಏನು? ಅದು ಶಿಲೆಯನ್ನು ದೋಷಯುಕ್ತವಾಗಿ ಕೆತ್ತಲಿಲ್ಲ. ಕೆತ್ತನೆಯಲ್ಲಿ ಕೊರತೆಯಿತ್ತೆಂದು ಡಂಕಣನೂ ಹೇಳಲಿಲ್ಲ. ದೋಷವಿದ್ದುದು ಕಲ್ಲನ್ನು ಆರಿಸುವಾಗ ಪರೀಕ್ಷಿಸದೆ ಇದ್ದುದರಲ್ಲಿ. ಪರೀಕ್ಷಿಸತಕ್ಕ ಅಧಿಕಾರ ಯಾರದೋ ಅವರ ಹೊಣೆ ಅದು. ಪರೀಕ್ಷೆಯ ಲೋಪಕ್ಕೆ ಕೈಗೆ ದಂಡವನ್ನು ವಿಧಿಸಿದ ಈ ತೀರ್ಪನ್ನು ನಾವು ಶತಮಾನಗಳಿಂದ ತಲೆದೂಗಿ ಮೆಚ್ಚಿಕೊಂಡು ಬಂದಿದ್ದೇವೆ. ಗಣಿಯಲ್ಲಿ ಅಪಘಾತವಾದ ಮರುಕ್ಷಣವೇ ‘ಕೂಲಿಯವನ ಅಜಾಗರೂಕತೆ’ ಎಂಬ ಮಾತು ಸಲೀಸಾಗಿ ಹೊರಡುವುದೂ, ಪೆಟ್ಟು ತಿಂದವನೇ ಅದನ್ನು ಒಪ್ಪಿಕೊಳ್ಳುವುದೂ ಇದೇ ಮನೋಧರ್ಮದಿಂದ. ಕಥೆಯಲ್ಲಿ ಒಂದು ಸೌಕರ್ಯವಾದರೂ ಉಂಟು: ಶಿಲೆಯನ್ನು ಆರಿಸಿದವನೂ ಕೆತ್ತಿದವನೂ ಒಬ್ಬನೇ. ಗಣಿಯಲ್ಲಿ ಹಾಗಿಲ್ಲ. ಗೋಡೆಯನ್ನು ನೆಟ್ಟಗೆ ಕಡಿಯಿರೆಂದು ಹೇಳುವವನು ಒಬ್ಬ, ಅದರ ಕೆಳಗೆ ನಿಲ್ಲುವವನು ಮತ್ತೊಬ್ಬ.

ಕಥೆಯ ಕಾಲಕ್ಕೂ ಇಂದಿಗೂ ಇನ್ನೊಂದು ವ್ಯತ್ಯಾಸವನ್ನು ಹೇಳದೆ ಹೋಗಲಾಗದು. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಜಾತಿಯ ಮೃದುವಾದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿಗೆ ನಿಂತ ಮೇಲೆ ಗಟ್ಟಿಯಾಗುತ್ತದೆ. ಇಂದು ರಸ್ತೆಗೂ ಕಟ್ಟಡಕ್ಕೂ ಒಡೆಯುವುದು ಗ್ರಾನೈಟು, ಬೆಣಚು ತುಂಬಿದ ಕಗ್ಗಲ್ಲು. ಯಂತ್ರದಿಂದ ಕುಳಿ ಕೊರೆಯುವಾಗಲೂ ಕ್ರಷರಿನಲ್ಲಿ ಅರೆಯುವಾಗಲೂ ಏಳುವ ಆ ಬೆಣಚಿನ ಧೂಳಿನಲ್ಲಿ ಅಪಾಯಕಾರಿಯಾದದ್ದು ಕಣ್ಣಿಗೆ ಕಾಣುವ ಭಾಗವಲ್ಲ, ಕಾಣದಷ್ಟು ಸೂಕ್ಷ್ಮವಾದ ಭಾಗ. ಅದು ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲಿಯೇ ನಿಂತು ಅಂಗವನ್ನು ಗಂಟುಗಂಟಾಗಿ ಬಿಗಿಯುತ್ತದೆ. ಸಿಲಿಕೋಸಿಸ್ ಎಂಬ ಈ ವ್ಯಾಧಿಗೆ ಔಷಧವಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತುತ್ತದೆ. ಕ್ಷಯಕ್ಕೆ ದಾರಿ ಮಾಡಿಕೊಡುವುದಲ್ಲದೆ ಕ್ಷಯವೆಂದೇ ತಪ್ಪಾಗಿ ಎಣಿಸಲ್ಪಡುವುದೂ ಉಂಟು. ಕಲ್ಲುಕುಟಿಗರ ರೋಗವನ್ನು ಇಟಲಿಯ ವೈದ್ಯನಾದ ರಮಜ್ಜಿನಿಯು 1700ರಲ್ಲಿಯೇ ಕಸಬಿನ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ ವರ್ಣಿಸಿದ್ದನು. ಪ್ರತೀಕಾರವಾದರೂ ಕಷ್ಟವಾದುದಲ್ಲ: ಕೊರೆಯುವ ತುದಿಗೆ ನೀರು ಹಾಯಿಸಿದರೆ ಧೂಳು ಬಹುಮಟ್ಟಿಗೆ ಅಲ್ಲಿಯೇ ಅಡಗುತ್ತದೆ. ಮುಖಕ್ಕೆ ಕಟ್ಟಿಕೊಂಡ ವಲ್ಲಿ ಈ ಸೂಕ್ಷ್ಮರಜವನ್ನು ತಡೆಯಲಾರದು.

ಗಂಧದ ತೇವದಿಂದ ದೋಷವನ್ನು ಕಂಡ ಕಥೆ ನಮ್ಮದು. ನೀರಿನ ತೇವದಿಂದ ಪ್ರಾಣವುಳಿಯುವ ಈ ಸಂಗತಿ ನಮ್ಮ ಯಾವ ಕವಿಯ ಕಿವಿಗೂ ಬಿದ್ದಂತಿಲ್ಲ. ಬೇಲೂರಿನ ಮದನಿಕೆಯರನ್ನು ಡಿ. ವಿ. ಜಿ. ಅವರು ‘ಅಂತಃಪುರ ಗೀತೆ’ಯಲ್ಲಿ ಹಾಡಿದ್ದಾರೆ, ಅದು ಯುಕ್ತವೇ. ಆದರೆ ಆ ಕಲ್ಲು ಬೆಟ್ಟದಿಂದ ಗುಡಿಯ ಅಂಗಳಕ್ಕೆ ಬಂದ ದಾರಿಯನ್ನು ಕುರಿತು ನಮ್ಮ ಶಿಲ್ಪವಿಮರ್ಶೆ ಮೌನವಾಗಿದೆ. ದಾಸೋಜನ ಹೆಸರನ್ನು ಶಾಸನ ಉಳಿಸಿತು. ಅವನಿಗೆ ಕಲ್ಲು ತೆಗೆದುಕೊಟ್ಟವನ ಹೆಸರು ಉಳಿಯಲಿಲ್ಲ.

ಕೊನೆಗೆ ಕೈದಾಳದ ಪ್ರಸಂಗ. ಊರಿನ ಹೆಸರಿಗೆ ಅರ್ಥ ಹೇಳುವುದಕ್ಕಾಗಿ ಇದನ್ನು ಹೊಸೆದು ಸೇರಿಸಿದ್ದಾರೆಂಬುದು ಸ್ಪಷ್ಟ. ಕಥೆಯಾಗಿಯೂ ಈ ಭಾಗ ದುರ್ಬಲ; ಹೋದ ಕೈ ಬಂದಮೇಲೆ ಹೋದದ್ದರ ಭಾರವೇ ಇಳಿದುಹೋಗುತ್ತದೆ. ಹೋದ ಕೈಗೆ ನಮ್ಮ ಕಾಲ ಬರೆದ ಪಾಠ ಬೇರೆ. 1923ರ ಕೆಲಸಗಾರರ ಪರಿಹಾರ ಶಾಸನದ ಅನುಬಂಧದಲ್ಲಿ ಗಳಿಕೆಯ ಶಕ್ತಿನಷ್ಟವನ್ನು ಅಂಗಕ್ಕಿಷ್ಟೆಂದು ಎಣಿಸಿದ್ದಾರೆ: ಒಂದು ಕೈ ಹೋದರೆ ನೂರಕ್ಕೆ 60, ಒಂದು ಕಣ್ಣಿಗೆ 40, ಹೆಬ್ಬೆರಳಿಗೆ 30, ತೋರುಬೆರಳಿಗೆ 14, ಮಧ್ಯದ ಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ಬಲಗೈ ಎಡಗೈ ಎಂಬ ಭೇದವಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥದೊಂದು ಪಟ್ಟಿಯನ್ನು ಮುಂದುವರಿಸಿದೆ. ಮೊದಲು ಓದಿದಾಗ ಕಟುಕನ ಲೆಕ್ಕದಂತೆ ಕಂಡ ಈ ಪಟ್ಟಿಯನ್ನು ಮತ್ತೆ ಮತ್ತೆ ಓದಿದಂತೆ ನಾನು ಗೌರವಿಸತೊಡಗಿದೆನು; ಕಿರುಬೆರಳಿಗೂ ಲೆಕ್ಕವುಂಟೆಂದು ಒಪ್ಪಿದ ಗ್ರಂಥವಿದು. ಅದೇ ಶಾಸನದ ಮತ್ತೊಂದು ವಿಧಿ ಇನ್ನೂ ಮಹತ್ತರವಾದುದು. ಕುಡಿದು ಮತ್ತನಾಗಿದ್ದರೆ, ಸುರಕ್ಷತೆಗಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಯ ಸಾಧನವನ್ನು ಬೇಕೆಂದೇ ಕಿತ್ತೆಸೆದಿದ್ದರೆ, ಆಗ ಮಾತ್ರ ಪರಿಹಾರವನ್ನು ನಿರಾಕರಿಸಲು ಎಡೆಯುಂಟು. ಪ್ರಾಣವೇ ಹೋದರೆ ಆ ಎಡೆಯೂ ಇಲ್ಲ. ಕೇವಲ ಕೈಜಾರಿದ್ದು ಅದರಲ್ಲಿ ಸೇರಿಲ್ಲ. ಜಕಣಾಚಾರಿಯು ತನ್ನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪನ್ನು ಈ ವಿಧಿಯು ತಳ್ಳಿಹಾಕುತ್ತದೆ.

ಡಂಕಣನ ಪಾತ್ರವನ್ನು ಕುರಿತು ಒಂದು ಮಾತು ಉಳಿದಿದೆ. ಕಲ್ಲಿನ ಒಳಗನ್ನು ಅರಿಯುವ ಉಪಾಯವನ್ನು ಬಲ್ಲವನು ಅವನೊಬ್ಬನೇ. ಆದರೂ ಕಪ್ಪೆ ಹೊರಬಿದ್ದ ಮೇಲೆ ಕಥೆಗೆ ಅವನು ಬೇಕಾಗುವುದು ಮಗನೆಂಬ ಸಂಬಂಧಕ್ಕೆ ಮಾತ್ರ. ಅಂಗಳದಲ್ಲಿದ್ದ ಉಳಿದ ವಿಗ್ರಹಗಳಿಗೂ ಗಂಧ ಹಚ್ಚಿ ನೋಡೆಂದು ಯಾರಾದರೂ ಅವನನ್ನು ಕೇಳಿದರೇ ಎಂಬುದು ನಾನು ಕೇಳಿದ ಯಾವ ಪಾಠದಲ್ಲಿಯೂ ಇಲ್ಲ.