ತಮಟೆ ಕೇಳುವ ದೂರ

ಮುಳಬಾಗಿಲಿನ ಆವಣಿ ಜಾತ್ರೆಯಿರಲಿ, ಮಾಲೂರಿನ ಕಡೆಯ ಊರಹಬ್ಬವಿರಲಿ, ತಮಟೆ ಮೊದಲು ಹೋಗುವುದು ಬೆಂಕಿಯ ಬಳಿಗೆ. ಹುಲ್ಲು ಹೊತ್ತಿಸಿ, ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ, ನಾದ ಏರಿತೆಂದು ಖಾತ್ರಿಯಾದ ಮೇಲೆಯೇ ಕಲಾವಿದ ಅದನ್ನು ಹೆಗಲಿಗೇರಿಸುತ್ತಾನೆ. ಧ್ವನಿವಿಜ್ಞಾನದ ಮೊದಲ ಪಾಠ ಅಲ್ಲೇ ಇದೆ. ತೇವ ಆರಿದ ಚರ್ಮ ಬಿಗಿಯಾಗುತ್ತದೆ, ಬಿಗಿಯಾದ ಚರ್ಮ ಸೆಕೆಂಡಿಗೆ ಹೆಚ್ಚು ಸಲ ಅದುರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನ ಎರಡು ಪಟ್ಟಾಗುತ್ತದೆ.

ಅದುರುವ ಚರ್ಮ ಎದುರಿನ ಗಾಳಿಯನ್ನು ಒತ್ತುತ್ತದೆ, ಸಡಿಲಿಸುತ್ತದೆ. ಗಾಳಿ ತಾನಿದ್ದಲ್ಲೇ ಅಲುಗಾಡುತ್ತದೆ. ಮುಂದೆ ಸಾಗುವುದು ಆ ಒತ್ತಡ ಮಾತ್ರ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಅಂತರಗಂಗೆಯ ಬೆಟ್ಟದಲ್ಲಿ 175 ಮೀಟರ್ ದೂರದ ಬಂಡೆಗೆ ಎದುರಾಗಿ ಕೂಗಿದರೆ ಮರುದನಿ ಸರಿಯಾಗಿ ಒಂದು ಸೆಕೆಂಡಿಗೆ ಬರುತ್ತದೆ.

ತಮಟೆಯ ದನಿಗೆ ಮೃದಂಗದಂತೆ ಖಚಿತವಾದ ಶ್ರುತಿ ಏಕಿಲ್ಲ? ಬರಿಯ ಚರ್ಮದಲ್ಲಿ ಮೂಲ ಕಂಪನದ ಜೊತೆಗೆ ಅದರ ಸುಮಾರು 1.59 ಪಟ್ಟು, 2.14 ಪಟ್ಟಿನ ಕಂಪನಗಳು ಹುಟ್ಟುತ್ತವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಮಧ್ಯದ ಕಪ್ಪು ಕರಣೆ ಅವನ್ನು ಎರಡು, ಮೂರು ಪಟ್ಟುಗಳ ಸಾಲಿಗೆ ತಂದು ನಿಲ್ಲಿಸುತ್ತದೆ. 1920ರಲ್ಲೇ ಇದನ್ನು ತೋರಿಸಿದವರು ಸರ್ ಸಿ.ವಿ. ರಾಮನ್. ಶ್ರುತಿಗೆ ಕಟ್ಟುಬೀಳದ ತಮಟೆಯ ಶಕ್ತಿಯೆಲ್ಲ ಲಯದಲ್ಲಿದೆ. 2007ರವರೆಗೆ ಕೋಲಾರಕ್ಕೇ ಸೇರಿದ್ದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ವಾದ್ಯಕ್ಕೆ ಸಲ್ಲಬೇಕಾದ ಗೌರವ ಸಂದಿತು.

ಒಂದೊಂದು ವಾದ್ಯಕ್ಕೂ ಅದರದೇ ಜಾಗವಿದೆ. ಕೋಲಾರದ ಸೋಮೇಶ್ವರ ದೇವಾಲಯದ ಕಲ್ಲಿನ ಮಂಟಪದಂಥ ಕಡೆ ನಾದಸ್ವರ ಕೇಳಬೇಕು. ಕಲ್ಲು ದನಿಯನ್ನು ಹೀರಿಕೊಳ್ಳುವುದು ತೀರ ಕಡಿಮೆ. ಹೆಚ್ಚಿನ ಪಾಲನ್ನು ಹಿಂದಕ್ಕೆ ಕೊಡುತ್ತದೆ. ಎಳೆದು ನುಡಿಸಿದ ಸ್ವರ ಅಲ್ಲಿ ತುಂಬಿಕೊಳ್ಳುತ್ತದೆ. ಅದೇ ಮಂಟಪದೊಳಗೆ ತಮಟೆ ಬಾರಿಸಿದರೆ ಒಂದು ಪೆಟ್ಟಿನ ಮೇಲೆ ಇನ್ನೊಂದು ಬಿದ್ದು ಲೆಕ್ಕವೇ ಕಲಸಿಹೋಗುತ್ತದೆ. ತಮಟೆಗೆ ಬಯಲೇ ಸರಿ. ಶ್ರೀನಿವಾಸಪುರದ ಮಾವಿನ ತೋಪುಗಳಾಚೆಯ ಊರಿನ ತಮಟೆ ರಾತ್ರಿ ಹೊತ್ತು ಹತ್ತಿರದಲ್ಲೇ ಇದ್ದಂತೆ ಕೇಳುವುದಕ್ಕೂ ಕಾರಣವಿದೆ. ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೇ ಉಳಿದಾಗ, ಮೇಲೇರುವ ದನಿ ಬಾಗಿ ನೆಲಕ್ಕೆ ಮರಳುತ್ತದೆ. ದಾರಿಯಲ್ಲಿ ಗಾಳಿಯೂ ಎಲೆಗಳೂ ಹೆಚ್ಚಾಗಿ ತಾರದ ದನಿಯನ್ನು ನುಂಗುವುದರಿಂದ ತೆಳುಕಡ್ಡಿಯ ಚಟಚಟ ಕಳೆದು ದಪ್ಪಕೋಲಿನ ಗುಡುಗಷ್ಟೇ ನಮ್ಮನ್ನು ಮುಟ್ಟುತ್ತದೆ.

ಇನ್ನು ಕಿವಿಯ ಒಳಗೆ. ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ ಕಿವಿನಾಳ 3,000 ಹರ್ಟ್ಸ್ ಆಸುಪಾಸಿನ ದನಿಯನ್ನು ತಾನಾಗಿ ಹಿಗ್ಗಿಸುತ್ತದೆ. ಕಡ್ಡಿಯ ಪೆಟ್ಟು ಅಷ್ಟು ಚುರುಕಾಗಿ ತಾಗಲು ಅದೂ ಒಂದು ಕಾರಣ. ಅಲೆ ಕಿವಿತಮಟೆಯನ್ನು ಅದುರಿಸಿದಾಗ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಒತ್ತಡವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚಿಸಿ ಒಳಗಿವಿಯ ದ್ರವಕ್ಕೆ ದಾಟಿಸುತ್ತವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾದ ಬುಡ ತಾರದ ದನಿಗೆ, ತುದಿ ಮಂದ್ರಕ್ಕೆ ಮಿಡಿಯುತ್ತದೆ. ಅಲ್ಲಿನ ಸುಮಾರು 15,000 ರೋಮಕೋಶಗಳಲ್ಲಿ ಕೆಲವು ಸಾವಿರ ಆ ಮಿಡಿತವನ್ನು ನರದ ಸಂದೇಶವಾಗಿಸಿದರೆ, ಉಳಿದವು ಸಣ್ಣ ದನಿಗೆ ಬಲ ತುಂಬುತ್ತವೆ. 20ರಿಂದ 20,000 ಹರ್ಟ್ಸ್‌ವರೆಗಿನ ನಮ್ಮ ಶ್ರವಣಲೋಕವೆಲ್ಲ ನಿಂತಿರುವುದು ಇವುಗಳ ಮೇಲೆ. ಇವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಜೋರು ದನಿಗೆ ರಿಕಾಪನ್ನು ಬಿಗಿಹಿಡಿದು ಕಾಪಾಡುವ ಸ್ನಾಯುವೊಂದಿದೆ. ಆದರೆ ಅದು ಎಚ್ಚರಗೊಳ್ಳುವಷ್ಟರಲ್ಲಿ ತಮಟೆಯ ಪೆಟ್ಟು ಒಳಹೊಕ್ಕಿರುತ್ತದೆ.

ಆದ್ದರಿಂದ ರಸಿಕನಿಗೆ ದೂರದ ಲೆಕ್ಕ ಗೊತ್ತಿರಬೇಕು. ದಿನಕ್ಕೆ ಎಂಟು ಗಂಟೆ ಕೇಳುವುದಾದರೆ 85 ಡೆಸಿಬಲ್ ಮಿತಿ. ಅಲ್ಲಿಂದ ಪ್ರತಿ ಮೂರು ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತ 100 ಡೆಸಿಬಲ್‌ಗೆ ಹದಿನೈದೇ ನಿಮಿಷ ಉಳಿಯುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ ಆರು ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ 100 ಇದ್ದದ್ದು ನಾಲ್ಕರಲ್ಲಿ 94, ಎಂಟರಲ್ಲಿ 88, ಹದಿನಾರರಲ್ಲಿ 82. ಅಂದರೆ ಇಪ್ಪತ್ತು ಹೆಜ್ಜೆ ಹಿಂದೆ ನಿಂತವರಿಗೆ ತಂಡದ ಎಲ್ಲ ತಮಟೆಗಳೂ ಒಂದಾಗಿ, ಲಯವೂ ನಿಚ್ಚಳವಾಗಿ ಕೇಳುತ್ತದೆ, ಕಿವಿಯೂ ಉಳಿಯುತ್ತದೆ.

ಮುಂದಿನ ಜಾತ್ರೆಯಲ್ಲಿ ಮಕ್ಕಳನ್ನು ಧ್ವನಿವರ್ಧಕದ ಪೆಟ್ಟಿಗೆಯ ಮುಂದೆ ನಿಲ್ಲಿಸಬೇಡಿ. ಹೊತ್ತುಗಟ್ಟಲೆ ಬಾರಿಸುವ ಕಲಾವಿದರಿಗೂ, ಯಂತ್ರದ ಸದ್ದಿನ ನಡುವೆ ದುಡಿಯುವ ಕಾರ್ಮಿಕರಿಗೂ ಕಿವಿಗೆ ತುರುಕಿಕೊಳ್ಳುವ ಒಂದು ಜೊತೆ ಬಿರಡೆ ಕೊಡಿಸಿ. ಸವೆದ ತಮಟೆಗೆ ಹೊಸ ಚರ್ಮ ಬಿಗಿಯಬಹುದು, ಸವೆದ ಕಿವಿಗೆ ಹೊಸ ರೋಮಕೋಶ ತರಲಾಗದು.